ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಯಾವ ದಿಕ್ಕಿಗೆ? ನಕ್ಷೆ ಬಿಡಿ, ದಾರ ಹಿಡಿಯಿರಿ

ಪೆಸಿಫಿಕ್ ಸಾಗರ ನಡುವಿರುವ ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಸಿಗುವ ದಿಕ್ಕು ಹೆಚ್ಚುಕಮ್ಮಿ ಪೂರ್ವ, ಉತ್ತರ ದಿಕ್ಕಿನಿಂದ ಬಲಕ್ಕೆ ಸುತ್ತುತ್ತ ಎಣಿಸಿದರೆ ಸುಮಾರು 80 ಡಿಗ್ರಿ. ಆದರೆ ಅತಿ ಹತ್ತಿರದ ದಾರಿ ಹೊರಡುವುದು ಉತ್ತರದಿಂದ ಪೂರ್ವಕ್ಕೆ ಬರೀ 20 ಡಿಗ್ರಿಯಷ್ಟು ವಾಲಿ.

30 ಸೆಂ.ಮೀ. ವ್ಯಾಸದ ಗ್ಲೋಬ್ ಇದ್ದರೆ ನೀವೇ ನೋಡಬಹುದು. ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಟೇಪಿನಿಂದ ಅಂಟಿಸಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ದಾರ ಸಡಿಲವಿದ್ದರೆ ಲೆಕ್ಕ ಕೆಟ್ಟಿತು. ತಾನಾಗಿ ಜಾರಿ ನಿಲ್ಲುವ ಜಾಗವೇ ಸರಿಯಾದ ದಾರಿ. ಸುಮಾರು 33 ಸೆಂ.ಮೀ. ದಾರ ಬೇಕಾಗುತ್ತದೆ, ಅಂದರೆ 14,000 ಕಿ.ಮೀ. ಸದಾ 80 ಡಿಗ್ರಿ ಹಿಡಿದು ಹೋದರೆ 2,000 ಕಿ.ಮೀ. ಹೆಚ್ಚು. ಈಗ ಕೋನಮಾಪಕದ ನಡುಬಿಂದುವನ್ನು ಬೆಂಗಳೂರಿನ ಮೇಲಿಟ್ಟು, ಅಲ್ಲಿನ ರೇಖಾಂಶಕ್ಕೂ ದಾರಕ್ಕೂ ನಡುವಿನ ಕೋನ ಓದಿ. ಮೊದಲ ಎರಡು ಮೂರು ಸೆಂ.ಮೀ. ಮಾತ್ರ ನೋಡಿ, ಆಮೇಲೆ ಗ್ಲೋಬ್ ಬಾಗುತ್ತದೆ.

ಎಲ್ಲರೂ ಎಡವುವುದು ವಾಪಸು ದಿಕ್ಕಿನಲ್ಲಿ. 20ಕ್ಕೆ 180 ಸೇರಿಸಿ 200 ಅನ್ನುತ್ತಾರೆ. ಅಲ್ಲ! ಅಲ್ಲಿಂದ ಬೆಂಗಳೂರು ಸುಮಾರು 336 ಡಿಗ್ರಿ, ಅದೂ ಉತ್ತರದ ಕಡೆಗೇ. ರೇಖಾಂಶಗಳು ಧ್ರುವದಲ್ಲಿ ಕೂಡುವುದರಿಂದ ಪ್ರತಿ ಊರಿನ 'ಉತ್ತರ'ವೂ ಬೇರೆ; ಹಾಗಾಗಿ ನೇರ ದಾರಿಯಲ್ಲೇ ಹೋದರೂ ದಿಕ್ಸೂಚಿಯ ಅಂಕಿ ಬದಲಾಗುತ್ತಲೇ ಇರುತ್ತದೆ.

ಇವೆಲ್ಲ ನಿಜ ಉತ್ತರದ, ಅಂದರೆ ಉತ್ತರ ಧ್ರುವದ ಕಡೆಗಿನ ದಿಕ್ಕಿನ ಲೆಕ್ಕ. ದಿಕ್ಸೂಚಿಯ ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು. ಬೆಂಗಳೂರಿನಲ್ಲಿ ವ್ಯತ್ಯಾಸ 2 ಡಿಗ್ರಿಗಿಂತ ಕಡಿಮೆ, ಮರೆತರೂ ನಡೆದೀತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುಳ್ಳು ಸುಮಾರು 13 ಡಿಗ್ರಿ ಪೂರ್ವಕ್ಕೆ ವಾಲುತ್ತದೆ, ಅಲ್ಲಿ ಮುಳ್ಳಿನ ಓದಿಗೆ 13 ಕೂಡಿಸಲೇಬೇಕು.