ಹಳೇ ಪಿ-64 ಅನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮುಂಚೆ ನಾನು ಮಾಡಿದ್ದು

ಪಿ-64 ಪಿಸ್ತೂಲಿನ ಟ್ರಿಗರನ್ನು ಮೊದಲ ಸಲ ಒತ್ತಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇದೇನು, ಕೆಟ್ಟು ಹೋಗಿದೆಯಾ?" ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಹ್ಯಾಮರ್ (ಹಿಂಬದಿಯ ಪುಟ್ಟ ಸುತ್ತಿಗೆ) ಕೆಳಗಿದ್ದಾಗ ಮೊದಲ ಗುಂಡು ಹಾರಿಸಲು ಬೆರಳಿಗೆ ಹೆಚ್ಚುಕಮ್ಮಿ 10 ಕೆಜಿಯಷ್ಟು ಬಲ ಬೇಕು. ಎರಡನೇ ಗುಂಡಿನ ಹೊತ್ತಿಗೆ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ತಾನೇ ಹ್ಯಾಮರನ್ನು ಹಿಂದಕ್ಕೆ ನಿಲ್ಲಿಸಿರುತ್ತದೆ. ಆಗ ಟ್ರಿಗರ್ ಎಷ್ಟು ಹಗುರ ಅಂದರೆ, ಅದೇ ಪಿಸ್ತೂಲು ಅಂತ ನಂಬೋದು ಕಷ್ಟ.

ಇದು ಪೋಲೆಂಡಿನ ಸೈನ್ಯ ಮತ್ತು ಪೊಲೀಸರ ಪಿಸ್ತೂಲು, ರಾಡೋಮ್ ಊರಿನ ಕಾರ್ಖಾನೆಯಲ್ಲಿ ತಯಾರಾದದ್ದು. ನನ್ನದರ ಮೇಲೆ ಕಾರ್ಖಾನೆಯ ಗುರುತಾದ 11, ಸುತ್ತ ಒಂದು ಅಂಡಾಕಾರದ ಗೆರೆ, ಪಕ್ಕದಲ್ಲಿ 1974 ಅಂತ ಇಸವಿ ಇದೆ. ಪೂರ್ತಿ ಉಕ್ಕು. ತೂಕ 620 ಗ್ರಾಂ, ಉದ್ದ 16 ಸೆಂಟಿಮೀಟರ್, ಮ್ಯಾಗಜೀನಿಗೆ 6 ಗುಂಡು. ಪೋಲೆಂಡಿನವರು ಬೇರೆ ಪಿಸ್ತೂಲಿಗೆ ಹೋದ ಮೇಲೆ ಇವು ಸರ್‌ಪ್ಲಸ್ ಮಾಲಾಗಿ, ಅಂದರೆ ಬೇಡವಾಗಿ ಉಳಿದ ಸರಕಾಗಿ, ಅಮೆರಿಕಕ್ಕೆ ಬಂದವು. ಆಮದು ಮಾಡಿದವರ ಹೆಸರು, ಊರು ಲೋಹದ ಮೇಲೆ ಕೊರೆದಿರಲೇಬೇಕು ಅಂತ ಇಲ್ಲಿ ಕಾನೂನಿದೆ. ನೋಡಲು ಅಂದಗೆಟ್ಟ ಕೆಲಸ, ಏನು ಮಾಡೋದು.

ನಾನಿರುವುದು ಟೆಕ್ಸಸ್‌ನ ಹ್ಯೂಸ್ಟನ್ ಕಡೆ. ಒಂದು ಚಿಕ್ಕ ದಿನಸಿ ಅಂಗಡಿಯಲ್ಲಿ ಪಾಲುದಾರ. ರಾತ್ರಿ ಗಲ್ಲಾಪೆಟ್ಟಿಗೆಯ ಹಣ ತಗೊಂಡು ಹಿಂದಿನ ಬಾಗಿಲಿಂದ ಕಾರಿನ ತನಕ ನಡೆಯುವುದು ಸಾಮಾನ್ಯವಾಗಿ ನನ್ನ ಪಾಲಿನ ಕೆಲಸ. ಆ ಇಪ್ಪತ್ತು ಹೆಜ್ಜೆಗಾಗಿ ಈ ಎಲ್ಲ ತಾಪತ್ರಯ.

ಮುಂದೆ ಹೋಗುವ ಮುಂಚೆ ನಮ್ಮವರಿಗೊಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು ಇದಕ್ಕೆ ಕೈ ಹಾಕಬೇಡಿ. ಕೇಂದ್ರ ಕಾನೂನಿನ ಪ್ರಕಾರ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ನಂಬಿ ಹೋಗುವ ಮುಂಚೆ ವಕೀಲರನ್ನು ಕೇಳಿ. "ಟೆಕ್ಸಸ್‌ನಲ್ಲಿ ಎಲ್ಲಾ ನಡೆಯುತ್ತೆ" ಅಂತ ಸಹೋದ್ಯೋಗಿ ಹೇಳಿದ್ದನ್ನು ನಂಬಿದರೆ ವೀಸಾ, ಕೆಲಸ ಎರಡೂ ಹೋದಾವು. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಕೊಂಡದ್ದು, ಬಂದೂಕಿನ ಅಂಗಡಿಯಲ್ಲಿ 4473 ಅನ್ನುವ ಖರೀದಿ ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ. ಇನ್ನು ಊರಿನಲ್ಲಿ ಓದುತ್ತಿರುವವರಿಗೆ: ಇದು 9 ಎಂಎಂ ಪಿಸ್ತೂಲು, ಭಾರತದಲ್ಲಿ ಆ ಬೋರ್ (ನಳಿಗೆಯ ಅಳತೆ) ಸಾಮಾನ್ಯರಿಗೆ ನಿಷಿದ್ಧ. ಅಲ್ಲಿಗೆ ಇದು ಸುಮ್ನೆ ಓದಿಗೆ ಮಾತ್ರ.

ಸರ್‌ಪ್ಲಸ್ ಪಿಸ್ತೂಲಿಗೆ ಮೊದಲು ಬೇಕಾದದ್ದು ಸ್ನಾನ. ಗೋದಾಮಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ಬಳಿದ ಗ್ರೀಸು ದಶಕಗಳಲ್ಲಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ. ಹೊರಗೆ ಒರೆಸಿದರೆ ಸಾಲದು. ಸ್ಲೈಡಿನೊಳಗೆ ಫೈರಿಂಗ್ ಪಿನ್ (ಗುಂಡಿನ ತಳಕ್ಕೆ ಬಡಿಯುವ ಮೊಳೆ) ಓಡಾಡುವ ಸಣ್ಣ ಕೊಳವೆ ಇದೆಯಲ್ಲ, ಅಲ್ಲಿ ಗ್ರೀಸು ಉಳಿದರೆ ಪಿನ್ ನಿಧಾನವಾಗಿ ಬಡಿಯುತ್ತದೆ, ಗುಂಡು ಹಾರುವುದಿಲ್ಲ. ಮ್ಯಾಗಜೀನ್ ತೆಗೆದು, ನಳಿಗೆಯ ಹಿಂಬದಿ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಟ್ರಿಗರ್ ಗಾರ್ಡನ್ನು ಕೆಳಗೆ ಎಳೆದು ಹಿಡಿದರೆ ಸ್ಲೈಡ್ ಹಿಂದಕ್ಕೆ ಬಂದು ಮೇಲಕ್ಕೆ ಎದ್ದು ಕಳಚುತ್ತದೆ. ಮಿನರಲ್ ಸ್ಪಿರಿಟ್ಸ್, ಹಳೇ ಹಲ್ಲುಜ್ಜುವ ಬ್ರಷ್, ಗ್ಯಾರೇಜಿನ ಬಾಗಿಲು ತೆರೆದಿರಲಿ. ಒಣಗಿದ ಮೇಲೆ ತೆಳ್ಳಗೆ ಎಣ್ಣೆ. ಪಿನ್ ಇರುವ ಕೊಳವೆಗೆ ಮಾತ್ರ ಎಣ್ಣೆ ಬಿಡಲಿಲ್ಲ, ಒಣಗಿದ್ದರೇ ಅದಕ್ಕೆ ಒಳ್ಳೆಯದು.

ಈಗ ಸ್ಪ್ರಿಂಗಿನ ವಿಷಯ. ಅಸಲಿ ಕೆಲಸ ಇರುವುದು ಇಲ್ಲೇ.

ಟ್ರಿಗರ್ ಅಷ್ಟು ಗಟ್ಟಿ ಇರುವುದಕ್ಕೆ ಮುಖ್ಯ ಕಾರಣ ಹಿಡಿಯೊಳಗಿನ ಹ್ಯಾಮರ್ ಸ್ಪ್ರಿಂಗ್. ಅದರ ಬದಲು ಹಾಕಲು ವೂಲ್ಫ್ ಕಂಪನಿಯವರು ಹಗುರವಾದ ಸ್ಪ್ರಿಂಗುಗಳನ್ನು ಮಾರುತ್ತಾರೆ, ಬೇರೆ ಬೇರೆ ಬಲದಲ್ಲಿ. ಎಲ್ಲಕ್ಕಿಂತ ಹಗುರವಾದದ್ದು ಹಾಕಿ ಬೆರಳಿಗೆ ಆರಾಮ ಮಾಡಿಕೊಳ್ಳೋಣ ಅನ್ನಿಸುವುದು ಸಹಜ. ನಾನು ಹಾಗೆ ಮಾಡಲಿಲ್ಲ. ಆ ಸ್ಪ್ರಿಂಗೇ ಅಲ್ವಾ ಹ್ಯಾಮರನ್ನು ಹೊಡೆಸುವುದು? ಅದು ಸೋತರೆ ಪೆಟ್ಟೂ ಸೋಲುತ್ತದೆ. ಈ ಪಿಸ್ತೂಲಿಗೆ ಸಿಗುವ ಗುಂಡುಗಳಲ್ಲಿ ಪೂರ್ವ ಯುರೋಪಿನ ಮಾಲು ಜಾಸ್ತಿ. ಅವುಗಳಲ್ಲಿ ಕೆಲವುಗಳ ಪ್ರೈಮರ್ (ಪೆಟ್ಟು ಬಿದ್ದಾಗ ಕಿಡಿ ಹಚ್ಚುವ, ತಳದ ಪುಟ್ಟ ಬಟ್ಟಲು) ಗಟ್ಟಿ. ಮೆದು ಪೆಟ್ಟಿಗೆ ಅವು ಟಿಕ್ ಅಂತ ಸದ್ದು ಮಾಡಿ ಸುಮ್ಮನಾಗುತ್ತವೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಆದರೆ ನಗಬಹುದು. ಅಂಗಡಿಯ ಹಿಂದೆ ಕತ್ತಲಲ್ಲಿ ಆ ಟಿಕ್ ಕೇಳಿಸಿದರೆ?

ಹಾಗಾಗಿ ಮಧ್ಯದ ಬಲದ್ದನ್ನು ಹಾಕಿ, ನನಗೆ ಸಿಗುವ ಅತಿ ಗಟ್ಟಿ ಪ್ರೈಮರಿನ ಗುಂಡುಗಳನ್ನೇ ಹುಡುಕಿ ತಂದು ಹಾರಿಸಿದೆ. ಹಾರಿದ ತೋಟಾಗಳ ತಳವನ್ನು ಆರಿಸಿ ನೋಡಿದೆ. ಪ್ರೈಮರಿನ ನಡುವೆ ಪಿನ್ ಮಾಡಿದ ಗುಳಿ ಆಳವಾಗಿ, ದುಂಡಗೆ, ಎಲ್ಲದರಲ್ಲೂ ಒಂದೇ ಥರ ಇದ್ದರೆ ಪೆಟ್ಟು ಸಾಕು ಅಂತ ಅರ್ಥ. ಹಳೇ ಸ್ಪ್ರಿಂಗಿನಲ್ಲಿ ಹಾರಿಸಿದ ತೋಟಾಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆ. ಗುಳಿ ಸ್ವಲ್ಪ ಕಮ್ಮಿ ಆಳ, ಆದರೆ ಧಾರಾಳವಾಗಿತ್ತು. ಟ್ರಿಗರ್ ಈಗಲೂ ಗಟ್ಟಿಯೇ, ಆದರೆ ಬೆರಳು ನಡುಗದೆ ಎಳೆಯಬಹುದು. ನನಗೆ ಬೇಕಾದದ್ದು ಅಷ್ಟೇ.

ಸ್ಪ್ರಿಂಗ್ ಬದಲಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಅದುಮಿಟ್ಟ ಸ್ಪ್ರಿಂಗ್ ಕೈತಪ್ಪಿದರೆ ಎಲ್ಲಿಗೆ ಹಾರುತ್ತದೋ ಹೇಳಲಾಗದು. ಇನ್ನೊಂದು: ಹಳೇ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಹಗುರ ಮಾಡುವವರಿದ್ದಾರೆ. ಹ್ಯಾಮರ್ ಕಚ್ಚಿ ನಿಲ್ಲುವ ಸಿಯರನ್ನು ಅರದಲ್ಲಿ ಉಜ್ಜುವವರೂ ಇದ್ದಾರೆ. ಎರಡೂ ಬೇಡ. ಆ ಕಚ್ಚು ಒಂದು ಕೂದಲೆಳೆಯಷ್ಟು ಸವೆದರೂ ಸ್ಲೈಡ್ ಮುಂದೆ ಬಂದ ಹೊಡೆತಕ್ಕೆ ಹ್ಯಾಮರ್ ಜಾರಿ ತಾನಾಗೇ ಗುಂಡು ಹಾರೀತು. ಅದು ಗನ್‌ಸ್ಮಿತ್‌ನ, ಅಂದರೆ ಬಂದೂಕು ರಿಪೇರಿ ಮಾಡುವವನ ಕೆಲಸ. ಅವರಲ್ಲೂ ಎಷ್ಟೋ ಜನ ಮುಟ್ಟಲು ಒಪ್ಪುವುದಿಲ್ಲ.

ಹಿಮ್ಮೆಟ್ಟುವ ಒದೆತ ಇನ್ನೊಂದು ತಲೆನೋವು. ಈ ಪಿಸ್ತೂಲಿನ ನಳಿಗೆ ಫ್ರೇಮಿಗೆ ಗಟ್ಟಿಯಾಗಿ ಕೂತಿದೆ, ಸ್ಲೈಡನ್ನು ನಳಿಗೆಗೆ ಲಾಕ್ ಮಾಡುವ ವ್ಯವಸ್ಥೆ ಇಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ಎಲ್ಲವನ್ನೂ ತಡೆಯಬೇಕು. ಹೀಗಾಗಿ ಅಳತೆಗೆ ಮೀರಿ ಒದೆಯುತ್ತದೆ. ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯ್ಲ್ ಸ್ಪ್ರಿಂಗನ್ನು ತುಸು ಬಲವಾದದ್ದಕ್ಕೆ ಬದಲಿಸಿದೆ, ಅದು ನಳಿಗೆಯ ಸುತ್ತ ಸುತ್ತಿಕೊಂಡಿರುವುದರಿಂದ ಕೆಲಸ ಸುಲಭ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಚರ್ಮಕ್ಕೆ ಹಿಡಿಯ ಹಿಂಬದಿಯ ಅಂಚು ಕೊರೆಯುತ್ತಿತ್ತು. ಅದಕ್ಕೆ ರಬ್ಬರ್ ಹಿಡಿ ತರಿಸಲಿಲ್ಲ, ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಹಿಡಿಗೆ ತೊಡಿಸಿದೆ. ನನ್ನ ಹೆಂಡತಿ ನೋಡಿ, "ಅಮೆರಿಕಕ್ಕೆ ಬಂದ್ರೂ ಪಂಕ್ಚರ್ ಅಂಗಡಿ ಬುದ್ಧಿ ಬಿಡಲಿಲ್ಲ ನೀವು" ಅಂದಳು. ಇರಲಿ, ಬೆವರಿದ ಕೈಯಲ್ಲೂ ಜಾರುವುದಿಲ್ಲ.

ಗುರಿ ನೋಡುವ ಕಡ್ಡಿ ಬಹಳ ಚಿಕ್ಕದು, ಕಪ್ಪು ಮೇಲೆ ಕಪ್ಪು. ಮುಂದಿನದಕ್ಕೆ ಮೊದಲು ಬಿಳಿ, ಅದರ ಮೇಲೆ ಕಿತ್ತಳೆ ಬಣ್ಣದ ನೈಲ್ ಪಾಲಿಷ್ ಬಳಿದೆ. ಅಲ್ಲಿಗೆ ಮಾರ್ಪಾಡು ಮುಗಿಯಿತು. ಬಿಚ್ಚಿದ ಹಳೇ ಭಾಗಗಳನ್ನೆಲ್ಲ ಚೀಲಕ್ಕೆ ಹಾಕಿ ಹೆಸರು ಬರೆದಿಟ್ಟಿದ್ದೇನೆ. 50 ವರ್ಷ ದಾಟಿದ ಬಂದೂಕು ಮೂಲ ರೂಪದಲ್ಲಿದ್ದರೆ ಇಲ್ಲಿ ಸಂಗ್ರಾಹಕರ ಪಟ್ಟಿಗೆ ಸೇರುತ್ತದೆ. ಆ ಬೆಲೆಯನ್ನು ಯಾಕೆ ಕಳೆದುಕೊಳ್ಳಬೇಕು?

ಗುಂಡು ಕೊಳ್ಳುವಾಗ ಡಬ್ಬಿ ಸರಿಯಾಗಿ ಓದಿ. ಇದಕ್ಕೆ ಬೇಕಾದದ್ದು 9×18 ಮಕರೊವ್. ಎಲ್ಲೆಡೆ ಸಿಗುವ 9×19 ಅಲ್ಲ, .380 ಕೂಡ ಅಲ್ಲ. ಮೂರಕ್ಕೂ "9" ಅಂತ ನಂಟಿದ್ದರೂ ಮಕರೊವ್ ಗುಂಡಿನ ದಪ್ಪ 9.27 ಮಿಲಿಮೀಟರ್, ಉಳಿದವು ಸುಮಾರು 9. ಅಗ್ಗದ ಅಭ್ಯಾಸದ ಗುಂಡು ಮುಂಚೆ ರಷ್ಯಾದಿಂದ ಬರುತ್ತಿತ್ತು. 2021ರಲ್ಲಿ ಅಮೆರಿಕ ಅದರ ಹೊಸ ಆಮದು ಪರವಾನಗಿಗಳನ್ನು ನಿಲ್ಲಿಸಿತು. ಅಗ್ಗದ ಪಿಸ್ತೂಲು, ದುಬಾರಿ ಊಟ ಅನ್ನುವ ಸ್ಥಿತಿ. ಸೊಂಟದಲ್ಲಿ ಇರುವಾಗ ಹಾರ್ನಡಿ ಕಂಪನಿಯ 95 ಗ್ರೇನ್ ತೂಕದ ಕ್ರಿಟಿಕಲ್ ಡಿಫೆನ್ಸ್ ಗುಂಡು ತುಂಬಿರುತ್ತೇನೆ. ಅದರ ತುದಿಯ ತೂತಿನಲ್ಲಿ ಮೆತ್ತನೆಯ ಪಾಲಿಮರ್ ಇರುವುದರಿಂದ ನಳಿಗೆಗೆ ಸಲೀಸಾಗಿ ಏರುತ್ತದೆ. ತುದಿಯ ತೂತು ಬಾಯಿ ತೆರೆದೇ ಇರುವ ಕೆಲವು ಹಾಲೋ ಪಾಯಿಂಟ್ ಗುಂಡುಗಳು ನನ್ನದರಲ್ಲಿ ಮೂತಿ ಸಿಕ್ಕಿಸಿಕೊಂಡವು. ಒಂದು ಪಿಸ್ತೂಲಿಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸಬೇಕೆಂದಿಲ್ಲ, ನಿಮ್ಮದರಲ್ಲೇ ಹಾರಿಸಿ ನೋಡಬೇಕು.

ಹೋಲ್‌ಸ್ಟರ್ (ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲಿನ ಚೀಲ) ಹುಡುಕುವುದು ರಗಳೆ. ವಾಲ್ಥರ್ ಪಿಪಿಕೆಗೆ ಮಾಡಿದ ಚರ್ಮದ್ದು ಸುಮಾರಾಗಿ ಕೂರುತ್ತದೆ, ನಾನು ಅದನ್ನೇ ಒದ್ದೆ ಮಾಡಿ ಪಿಸ್ತೂಲಿನ ಆಕಾರಕ್ಕೆ ಒತ್ತಿ ಒಣಗಿಸಿದೆ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಅದರಲ್ಲಿ ರಾಜಿ ಇಲ್ಲ. ಅಗಲವಾದ ದಪ್ಪ ಬೆಲ್ಟ್ ಇಲ್ಲದಿದ್ದರೆ 620 ಗ್ರಾಂ ಪ್ಯಾಂಟನ್ನು ಎಳೆದು ತೋರಿಸಿಬಿಡುತ್ತದೆ. ಸೇಫ್ಟಿ ಕಡ್ಡಿ ಸ್ಲೈಡಿನ ಮೇಲಿದೆ. ಕೆಳಗೆ ಒತ್ತಿದರೆ ಹ್ಯಾಮರ್ ಇಳಿದು ಸೇಫ್, ಮೇಲೆ ಮಾಡಿದರೆ ಹಾರಿಸಲು ತಯಾರು. ರಷ್ಯಾದ ಮಕರೊವ್ ಪಿಸ್ತೂಲಿನಲ್ಲಿ ಇದು ಉಲ್ಟಾ, ಎರಡೂ ಇಟ್ಟುಕೊಂಡವರು ಜೋಪಾನ. ನಾನು ಹ್ಯಾಮರ್ ಇಳಿಸಿ, ಕಡ್ಡಿ ಮೇಲೆ ಮಾಡಿ ಒಯ್ಯುತ್ತೇನೆ. ಆ ಗಟ್ಟಿ ಮೊದಲ ಎಳೆತವೇ ನನಗೆ ಕಾವಲು. ಟ್ರಿಗರನ್ನು ತೀರಾ ಹಗುರ ಮಾಡದಿದ್ದಕ್ಕೆ ಇದೂ ಒಂದು ಕಾರಣ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಅರ್ಹರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಆದರೂ ನಾನು ಲೈಸೆನ್ಸ್ ಮಾಡಿಸಿದೆ. ಶಾಲೆಯ ಸುತ್ತ 1000 ಅಡಿಯೊಳಗೆ ಬಂದೂಕು ಒಯ್ಯಬಾರದು ಅನ್ನುವ ಕೇಂದ್ರ ನಿಯಮದಿಂದ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆ ಲೈಸೆನ್ಸ್ ಪಕ್ಕದ ಎಷ್ಟೋ ರಾಜ್ಯಗಳಲ್ಲೂ ನಡೆಯುತ್ತದೆ. ಬಾಗಿಲಲ್ಲಿ 30.06 ಅಂತ ಬೋರ್ಡ್ ಇದ್ದರೆ ಬಚ್ಚಿಟ್ಟುಕೊಂಡೂ ಒಳಗೆ ಹೋಗುವಂತಿಲ್ಲ. ಕೆಂಪು 51 ಶೇಕಡಾ ಬೋರ್ಡ್ (ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯದಿಂದಲೇ ಅನ್ನುವ ಗುರುತು) ಇರುವ ಬಾರ್‌ಗೂ ಇಲ್ಲ. ನಮ್ಮ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಹೆಚ್ಚಾಗಿ ಶಾಲೆಯ ಸಭಾಂಗಣದಲ್ಲೇ ಆಗುವುದು, ಅಂದು ಪಿಸ್ತೂಲು ಮನೆಯ ತಿಜೋರಿಯಲ್ಲೇ. ಹೇಗೂ ಪಂಚೆಗೆ ಹೋಲ್‌ಸ್ಟರ್ ಕೂರುವುದಿಲ್ಲ ಬಿಡಿ.

ತಿಜೋರಿ ಇಲ್ಲದೆ ಮಕ್ಕಳಿರುವ ಮನೆಗೆ ಪಿಸ್ತೂಲು ತರಬೇಡಿ. 17 ವರ್ಷದೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಇಲ್ಲಿ ದೊಡ್ಡವರ ಮೇಲೆ ಕೇಸು. ನನ್ನದು ಬೆರಳೊತ್ತಿ ತೆರೆಯುವ ಗುಂಡಿಗಳ ಚಿಕ್ಕ ಪೆಟ್ಟಿಗೆ, ಗೋಡೆಗೆ ಬೋಲ್ಟ್ ಹಾಕಿದೆ.

ಇಷ್ಟೆಲ್ಲ ಓದಿ ನೀವೂ ಒಂದು ಕೊಳ್ಳಬೇಕೇ ಅಂದರೆ, ಕೈಯಲ್ಲಿ ಬಲ ಕಮ್ಮಿ ಇದ್ದವರಿಗೆ ಬೇಡ ಅನ್ನುತ್ತೇನೆ. ಸ್ಲೈಡ್ ಎಳೆಯುವುದೇ ಕಷ್ಟ, ನನ್ನ ಹೆಂಡತಿಯ ಕೈಲಿ ಆಗಲಿಲ್ಲ. ಸರ್‌ಪ್ಲಸ್ಸೇ ಬೇಕು ಅಂದರೆ ಜೆಕ್ ದೇಶದ ಸಿಜೆಡ್-82 ನೋಡಿ. ಅದೇ ಗುಂಡು, ಮ್ಯಾಗಜೀನಿಗೆ 12, ತೂಕ 800 ಗ್ರಾಂ ಇರುವುದರಿಂದ ಒದೆತ ಮೆತ್ತಗೆ. ಆದರೆ ಅದಕ್ಕೆ ಹ್ಯಾಮರ್ ಇಳಿಸುವ ಕಡ್ಡಿ ಇಲ್ಲ, ಹೆಬ್ಬೆರಳಲ್ಲಿ ಹಿಡಿದು ಇಳಿಸಬೇಕು. ಸ್ಪ್ರಿಂಗ್, ಹೋಲ್‌ಸ್ಟರ್, ಇನ್ನೊಂದು ಮ್ಯಾಗಜೀನ್, ಪರೀಕ್ಷೆಗೆ ಗುಂಡು ಎಲ್ಲ ಸೇರಿಸಿದರೆ ಹೊಸ ಚಿಕ್ಕ ಪಿಸ್ತೂಲಿನ ಬೆಲೆಗೆ ಹತ್ತಿರ ಬರುತ್ತದೆ. ಆ ಲೆಕ್ಕ ಮೊದಲೇ ಹಾಕಿಕೊಂಡು ಅಂಗಡಿಗೆ ಹೋಗಿ.