ತಾಮ್ರದ ಹಲಗೆಯಲ್ಲಿ ಗೆರೆ ಆಳಕ್ಕೆ ಇಳಿಯದಿದ್ದಾಗ

ಮನೆಯ ಸಾಮಾನುಗಳ ಚಿತ್ರಗಳನ್ನೇ ಎಚ್ಚಿಂಗ್ ಮಾಡುತ್ತಿದ್ದೆ: ಹಿತ್ತಾಳೆ ಚೊಂಬು, ಈಳಿಗೆ ಮಣೆ, ಮಂಡಕ್ಕಿ ಅಳೆಯುವ ಸೇರು. ಎಚ್ಚಿಂಗ್ ಅಂದರೆ ಮೇಣ ಲೇಪಿಸಿದ ತಾಮ್ರದ ಹಲಗೆಯ ಮೇಲೆ ಸೂಜಿಯಿಂದ ಗೆರೆ ಎಳೆದು, ತಾಮ್ರ ತಿನ್ನುವ ದ್ರಾವಣದಲ್ಲಿಟ್ಟು ಗೆರೆಯನ್ನು ಆಳ ಮಾಡಿ, ಅದರಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತುವುದು. ದಾವಣಗೆರೆ ಮನೆ ಅಂದಮೇಲೆ ಮಂಡಕ್ಕಿ ಇರಲೇಬೇಕು, ಅಲ್ವಾ? ಚೊಂಬಿನ ಅಂಚು ಚೆನ್ನಾಗಿ ಬಂತು. ಅದರ ನೆರಳಿಗೆಂದು ಒತ್ತೊತ್ತಾಗಿ ಎಳೆದ ಗೆರೆಗಳು ಮಾತ್ರ ಪ್ರಿಂಟಿನಲ್ಲಿ ಬೂದು ಬೂದು. ಸೂಜಿ ಮೇಣದ ಲೇಪ ದಾಟಿ ತಾಮ್ರ ಮುಟ್ಟಿತ್ತು. ಶಾಯಿಯೂ ಸರಿಯಾಗಿತ್ತು.

ಭೂತಗನ್ನಡಿ ಹಿಡಿದಾಗ ಗುಟ್ಟು ಗೊತ್ತಾಯಿತು. ಗೆರೆಯೊಳಗೆ ಕಂದು ಗಸಿ ಕೂತಿತ್ತು. ನಾನು ಬಳಸುವ ದ್ರಾವಣ ಫೆರಿಕ್ ಕ್ಲೋರೈಡ್, ಅಂದರೆ ಕಬ್ಬಿಣದ ಒಂದು ಲವಣ; ಅದು ತಾಮ್ರವನ್ನು ಕರಗಿಸುವಾಗ ಈ ಗಸಿ ಬಿಡುತ್ತದೆ. ಹಲಗೆ ಮೇಲ್ಮುಖವಾಗಿದ್ದರೆ ಅದು ಗೆರೆಯಲ್ಲೇ ತುಂಬಿಕೊಂಡು ದ್ರಾವಣವನ್ನು ಒಳಗೆ ಬಿಡುವುದಿಲ್ಲ.

ಹಲಗೆಯನ್ನು ಮಗುಚಿ ಇಟ್ಟರೆ ಗಸಿ ಕೆಳಗೆ ಬೀಳುತ್ತದೆ, ನಿಜ. ಆದರೆ ಗೆರೆ ಎಷ್ಟು ಆಳ ಹೋಯಿತು ಅಂತ ಕಾಣುವುದಿಲ್ಲ. ನನಗೆ ಒಗ್ಗಿದ್ದು 1990ರ ದಶಕದಲ್ಲಿ ಮುದ್ರಣ ಕಲಾವಿದ ಫ್ರೀಡ್‌ಹಾರ್ಡ್ ಕೀಕೆಬೆನ್ ರೂಪಿಸಿದ ಎಡಿನ್‌ಬರೋ ಎಚ್ ಎಂಬ ಮಿಶ್ರಣ. ಮೂರು ಪಾಲು ಬಿಸಿನೀರಿಗೆ ಒಂದು ಪಾಲು ಸಿಟ್ರಿಕ್ ಆಸಿಡ್ ಪುಡಿ ಕರಗಿಸಬೇಕು. ಇದರ ಒಂದು ಪಾಲನ್ನು 4 ಪಾಲು ಗಟ್ಟಿ ಫೆರಿಕ್ ದ್ರಾವಣಕ್ಕೆ ಸೇರಿಸಬೇಕು. ಪುಡಿ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಗಸಿ ಕೂರುವುದು ನಿಂತಿತು. ಹಲಗೆ ಮೇಲ್ಮುಖವಾಗಿಯೇ ಇತ್ತು, ಈಳಿಗೆಯ ಬಾಯಿ ಕಪ್ಪಗೆ, ಹರಿತವಾಗಿ ಬಂತು. ಕೆಲಸವೂ ಬೇಗ ಆಗುತ್ತದೆ, ಹಾಗಾಗಿ ಆಗಾಗ ಎತ್ತಿ ನೋಡಿ.

ಪ್ಲಾಸ್ಟಿಕ್ ಟ್ರೇ, ಕೈಗವಸು, ಕನ್ನಡಕ ಬೇಕೇ ಬೇಕು. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಹಳೆ ದ್ರಾವಣವನ್ನು ಸುಮ್ನೆ ಸಿಂಕಿಗೆ ಸುರಿಯಬೇಡಿ, ಲೋಹದ ಪೈಪನ್ನೂ ತಿನ್ನುತ್ತದೆ.