ಪವರ್ಡ್ ಯುಎಸ್‌ಬಿ ಹಬ್: ಪೋರ್ಟ್ ಎಣಿಸುವ ಮೊದಲು ಅಡಾಪ್ಟರ್ ನೋಡಿ

ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಡಬ್ಬಿಯೇ ಹಬ್; ತನ್ನದೇ ಅಡಾಪ್ಟರಿನಿಂದ ಕರೆಂಟ್ ಪಡೆಯುವುದು ಪವರ್ಡ್ ಹಬ್. ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಹಬ್ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ: ನಾಲ್ಕು ಪೋರ್ಟಾ, ಏಳಾ? ಉತ್ತರ ಆಮೇಲೆ ಕೊಡಿ, ಮೊದಲು ‘ಅಡಾಪ್ಟರ್ ದಾಖವಾ’ (ತೋರಿಸಿ) ಅನ್ನಿ. ಪ್ರತಿ ಪೋರ್ಟಿಗೂ ಸ್ವಿಚ್ಚು, ಲೈಟು ಇದ್ದಮಾತ್ರಕ್ಕೆ ಅದು ಪವರ್ಡ್ ಹಬ್ ಆಗುವುದಿಲ್ಲ. ಕೆಲವಕ್ಕೆ ಅಡಾಪ್ಟರ್ ಚುಚ್ಚುವ ತೂತಿರುತ್ತದೆ, ಡಬ್ಬಿಯಲ್ಲಿ ಅಡಾಪ್ಟರೇ ಇರುವುದಿಲ್ಲ.

ಹಳೆಯ ಯುಎಸ್‌ಬಿ 2.0 ಪೋರ್ಟು ಕೊಡುವ ಕರೆಂಟಿನ ಮಿತಿ 500 ಮಿಲಿಆಂಪ್, 3.0ರದ್ದು 900. ಅಡಾಪ್ಟರ್ ಇಲ್ಲದ ಹಬ್ ಲ್ಯಾಪ್‌ಟಾಪಿನ ಒಂದೇ ಪೋರ್ಟಿನಿಂದ ಬಂದದ್ದನ್ನು ಎಲ್ಲಕ್ಕೂ ಹಂಚುತ್ತದೆ. ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವಾಗ ಅದೊಂದೇ ಅಷ್ಟನ್ನೂ ಎಳೆದುಕೊಳ್ಳಬಹುದು. ಆಗ ಡಿಸ್ಕ್ ಟಿಕ್ ಟಿಕ್ ಅನ್ನುತ್ತದೆ, ಪರದೆಯ ಮೇಲೆ ಬಂದು ಮಾಯವಾಗುತ್ತದೆ. ಕೆಟ್ಟಿದ್ದು ಡಿಸ್ಕ್ ಅಂದುಕೊಂಡು ರಿಪೇರಿಗೆ ಒಯ್ಯುವವರು ಬಹಳ.

ಏಳು 3.0 ಪೋರ್ಟುಗಳು ತುಂಬಿದರೆ 7 × 0.9 = 6.3 ಆಂಪ್, 5 ವೋಲ್ಟಿಗೆ 31.5 ವ್ಯಾಟ್. 12 ವೋಲ್ಟ್ ಬೇಡುವ ಹಬ್ಬಾದರೆ ಇದಕ್ಕೆ 12 ವೋಲ್ಟ್ 3 ಆಂಪ್, ಅಂದರೆ 36 ವ್ಯಾಟಿನ ಅಡಾಪ್ಟರ್ ಬೇಕು. ಏಳು ಪೋರ್ಟಿನ ಹಬ್ಬಿಗೆ 5 ವೋಲ್ಟ್ 2 ಆಂಪ್ ಕೊಟ್ಟಿದ್ದರೆ ಅದು ಬರೀ 10 ವ್ಯಾಟ್, ಬಿಟ್ಟುಬಿಡಿ. ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಒಂದು ಡಿಸ್ಕ್ ಇಷ್ಟೇ ಇದ್ದರೆ ನಾಲ್ಕು ಪೋರ್ಟು, 5 ವೋಲ್ಟ್ 4 ಆಂಪ್ ಧಾರಾಳ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಲಿ. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರನ್ನು ಮಾತ್ರ ಚುಚ್ಚಬೇಡಿ: ಪಿನ್ ಒಂದೇ ಅಳತೆಯದಿದ್ದರೂ 5 ವೋಲ್ಟಿನ ಹಬ್ಬಿಗೆ 12 ವೋಲ್ಟ್ ಹೋದರೆ ಹಬ್ ಸುಡುತ್ತದೆ, ಜೊತೆಗೆ ಡಿಸ್ಕೂ ಹೋಗಬಹುದು.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ. ಡೆಸ್ಕ್‌ಟಾಪಿನ ಪವರ್ ವೈರ್ ಗೋಡೆಯಿಂದ ಕಿತ್ತು, ಹಬ್ಬಿನ ಅಡಾಪ್ಟರ್ ಹಾಕಿ, ಹಬ್ಬಿನ ಕೇಬಲನ್ನು ಕಂಪ್ಯೂಟರಿಗೆ ಚುಚ್ಚಿ. ಕಂಪ್ಯೂಟರಿನ ಒಳಗೆ ಲೈಟ್ ಮಿನುಗಿದರೆ, ಫ್ಯಾನ್ ಅಲುಗಿದರೆ, ಹಬ್ ಕರೆಂಟನ್ನು ಹಿಮ್ಮುಖವಾಗಿ ತಳ್ಳುತ್ತಿದೆ. ಆ ಹಬ್ ವಾಪಸ್ ಕೊಡಿ. ಇದರಿಂದ ಮದರ್‌ಬೋರ್ಡ್ ಪೋರ್ಟ್ ಹಾಳಾಗಬಹುದು.

ವೈರ್‌ಲೆಸ್ ಮೌಸ್ ತಡವರಿಸಿದರೆ ಬ್ಯಾಟರಿ ಬದಲಿಸುವ ಮೊದಲು ಅದರ ಡಾಂಗಲ್ (ಪೋರ್ಟಿಗೆ ಚುಚ್ಚುವ ಪುಟ್ಟ ರಿಸೀವರ್) ಎಲ್ಲಿದೆ ನೋಡಿ. ಯುಎಸ್‌ಬಿ 3.0 ಹೊಮ್ಮಿಸುವ ರೇಡಿಯೊ ಗದ್ದಲ ಇಂಥ ಮೌಸು ಬಳಸುವ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಬೀಳುತ್ತದೆ. ಡಾಂಗಲನ್ನು 2.0 ಎಕ್ಸ್‌ಟೆನ್ಷನ್ ಕೇಬಲಿನಲ್ಲಿ ಹಬ್ಬಿನಿಂದ ಒಂದಡಿಯಾದರೂ ದೂರ ಇಡಿ. ವೆಬ್‌ಕ್ಯಾಮ್ ಮತ್ತು ಆಡಿಯೊ ಇಂಟರ್‌ಫೇಸ್ (ಮೈಕ್ ಜೋಡಿಸುವ ಪೆಟ್ಟಿಗೆ) ನೇರ ಲ್ಯಾಪ್‌ಟಾಪಿಗೇ ಇರಲಿ: ಎಷ್ಟೇ ಪೋರ್ಟಿದ್ದರೂ ಹಬ್ಬಿನ ಸೆಕೆಂಡಿಗೆ 5 ಗಿಗಾಬಿಟ್ ವೇಗ ಎಲ್ಲಕ್ಕೂ ಸೇರಿ ಒಂದೇ.

ಲೋಹದ ಮೈಯ ಹಬ್ ಮುಟ್ಟಿದರೆ ಸಣ್ಣಗೆ ಜುಂ ಅನ್ನುವುದು ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಅಡಾಪ್ಟರಿನ ಸೋರಿಕೆ. ಪ್ಲಾಸ್ಟಿಕ್ ಮೈಯದಾದರೆ ಆ ಕಿರಿಕಿರಿ ಇಲ್ಲ. ಡೊಂಬಿವಲಿ, ಮುಲುಂಡ್ ಕಡೆಯ ಫ್ಲಾಟುಗಳಲ್ಲಿ ಮೇಜು ಕಿಟಕಿಗೆ ಅಂಟಿಕೊಂಡೇ ಇರುತ್ತದೆ. ಮಳೆಗಾಲದಲ್ಲಿ ಹಬ್ ಕಿಟಕಿಯ ಕಟ್ಟೆ ಮೇಲೆ ಬೇಡ, ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿಡಿ.